ಒಂದು ಚಹಾ, ಎರಡು ತಾಸು

ಹೋಟೆಲ್ ಇಟ್ಟವನಿಗೆ ಒಂದು ಹಳೆಯ ಸಂಕಟವಿದೆ. ಗಿರಾಕಿ ಬರಬೇಕು, ಕುಡಿಯಬೇಕು, ದುಡ್ಡು ಕೊಡಬೇಕು. ಅಷ್ಟಾದ ಮೇಲೆ ಅವನು ಎದ್ದು ಹೋದರೆ ಒಳ್ಳೆಯದೋ, ಅಲ್ಲೇ ಕೂತು ಪಕ್ಕದವನ ಜೊತೆ ಹರಟಿದರೆ ಒಳ್ಳೆಯದೋ? ಎದ್ದರೆ ಕುರ್ಚಿ ಖಾಲಿಯಾಗುತ್ತದೆ. ಕೂತರೆ ಹೋಟೆಲಿಗೆ ಕಳೆ ಬರುತ್ತದೆ. ಅಂತರ್ಜಾಲದಲ್ಲಿ ಪುಟ್ಟ ಅಂಗಡಿ ತೆರೆದವರೂ ಇಂದು ಗಿರಾಕಿಗಳನ್ನು ಪರಸ್ಪರ ಮಾತಿಗೆ ಬಿಡಬೇಕೇ ಬೇಡವೇ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಹೈದರಾಬಾದಿನ ಇರಾನಿ ಹೋಟೆಲಿನವರು ಈ ಲೆಕ್ಕವನ್ನು ತಲೆಮಾರುಗಟ್ಟಲೆ, ಗಲ್ಲಾದ ಹಿಂದೆ ಕೂತು, ದಿನವೂ ಹಾಕಿದವರು.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೆ ಇರಾನಿನ ಯಜ್ದ್ ಕಡೆಯಿಂದ ಬಡತನಕ್ಕೆ ಬೇಸತ್ತವರು ಮುಂಬಯಿಗೆ ಬಂದರು. ಅಲ್ಲಿಂದ ಕೆಲವರು ಪುಣೆಗೆ, ಕೆಲವರು ನಿಜಾಮನ ರಾಜಧಾನಿಗೆ ಇಳಿದರು. ಕೈಯಲ್ಲಿ ದೊಡ್ಡ ಬಂಡವಾಳವಿರಲಿಲ್ಲ. ಮೂಲೆಯ ಕಟ್ಟಡ ಅಪಶಕುನವೆಂದು ಸ್ಥಳೀಯ ವ್ಯಾಪಾರಿಗಳು ಬಿಟ್ಟಿದ್ದನ್ನೇ ಇವರು ಅಗ್ಗಕ್ಕೆ ಹಿಡಿದರೆಂದು ಒಂದು ಕತೆಯಿದೆ. ನಿಜವೋ ಸುಳ್ಳೋ, ಇರಾನಿ ಹೋಟೆಲು ಹೆಚ್ಚಾಗಿ ಎರಡು ರಸ್ತೆ ಕೂಡುವ ಮೂಲೆಯಲ್ಲೇ ಸಿಗುತ್ತಿತ್ತು ಎಂಬುದಂತೂ ನಿಜ. ಎರಡೂ ಕಡೆ ಬಾಗಿಲು, ಒಳಗೆ ಅಮೃತಶಿಲೆ ಹಾಸಿದ ಮೇಜು, ಬಾಗಿಸಿದ ಮರದ ಕುರ್ಚಿ, ಗೋಡೆಗೆ ಕನ್ನಡಿ, ಬಾಗಿಲ ಬಳಿ ಪಾನ್ ಡಬ್ಬ. ಚಹಾದ ಡಿಕಾಕ್ಷನ್ ಬಾಯಿ ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ತಾಸುಗಟ್ಟಲೆ ಕೂರುತ್ತದೆ. ಹಾಲು ಬೇರೆ ಪಾತ್ರೆಯಲ್ಲಿ ಕುದಿದು ಗಟ್ಟಿಯಾಗುತ್ತದೆ. ಕಪ್ಪಿನಲ್ಲೇ ಎರಡೂ ಸೇರುವುದು. ಜೊತೆಗೊಂದು ಉಸ್ಮಾನಿಯಾ ಬಿಸ್ಕತ್ತು. ಅದರ ಹೆಸರಿನ ಹಿಂದೆ ಅರಮನೆಯ ಕತೆ ಒಂದು, ಆಸ್ಪತ್ರೆಯ ಕತೆ ಇನ್ನೊಂದು. ಹೈದರಾಬಾದಿನವರು ತಮಗೆ ಇಷ್ಟವಾದದ್ದನ್ನು ಹೇಳುತ್ತಾರೆ.

ಈ ಹೋಟೆಲುಗಳು ಮಾರಿದ್ದು ಚಹಾ ಒಂದನ್ನೇ ಆಗಿದ್ದರೆ ಊರಿನ ಚರಿತ್ರೆಯಲ್ಲಿ ಇಷ್ಟು ಜಾಗ ಸಿಗುತ್ತಿರಲಿಲ್ಲ. ಆಗಿನ ಹೈದರಾಬಾದ್ ಎಂಥ ಊರು ಎಂಬುದನ್ನು ನೆನೆಯಬೇಕು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಮೂಸಿ ನದಿಯ ದಡದಲ್ಲಿ ಹೈಕೋರ್ಟಿನ ಕಟ್ಟಡ ಎದ್ದಿತು, ಅದರೆದುರು ದಡದಲ್ಲಿ ಉಸ್ಮಾನಿಯಾ ಆಸ್ಪತ್ರೆ. ತೆಲಂಗಾಣದ ರೈತ, ಔರಂಗಾಬಾದಿನ ಮರಾಠಿ ವಕೀಲ, ಕಲಬುರಗಿ, ರಾಯಚೂರು, ಬೀದರಿನಿಂದ ಖಟ್ಲೆಗೋ ಕಾಯಿಲೆಗೋ ಓದಿಗೋ ಬಂದ ಕನ್ನಡಿಗ, ಇವರೆಲ್ಲ ಒಂದೇ ರಾಜಧಾನಿಗೆ ಬರಬೇಕಿತ್ತು. ಕಾಯಲು ಜಾಗ ಬೇಕಿತ್ತು. ಅರಮನೆ, ದೇವಡಿಗಳು ಅವರವಲ್ಲ. ಮಸೀದಿ, ಗುಡಿಗಳಲ್ಲಿ ಎಲ್ಲರೂ ಕೂಡುವಂತಿಲ್ಲ. ಆ ಕಾಲದ ಬ್ರಾಹ್ಮಣರ ಹೋಟೆಲುಗಳಲ್ಲಿ ಪಂಕ್ತಿಯೇ ಬೇರೆ ಬೇರೆ. ಇರಾನಿ ಹೊರಗಿನವನು; ಯಾರ ಜಾತಿ ಯಾವುದೆಂದು ಅವನಿಗೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಕಾಸು ಕೊಟ್ಟವರಿಗೆಲ್ಲ ಒಂದೇ ಕಪ್ಪು, ಒಂದೇ ಬಸಿ. ಇಂಥ ಮೇಜು ಹಲವರಿಗೆ ಅವರ ಬದುಕಿನಲ್ಲೇ ಮೊದಲನೆಯದಾಗಿದ್ದಿರಬೇಕು.

ಹಾಗಾದರೆ ಕೂತವರನ್ನು ಎಬ್ಬಿಸದೆ ಇದ್ದುದು ಧಾರಾಳತನದಿಂದಲೇ? ಅಷ್ಟೇ ಎಂದರೆ ಆ ವ್ಯಾಪಾರಿಗಳ ಬುದ್ಧಿಗೆ ಅವಮಾನ. ಹೋಟೆಲಿನ ಕುರ್ಚಿಗೆ ದಿನವಿಡೀ ಒಂದೇ ಬೆಲೆ ಇರುವುದಿಲ್ಲ. ಬೆಳಗಿನ ಹೊತ್ತು, ಕಚೇರಿ ಬಿಡುವ ಹೊತ್ತು ಅದಕ್ಕೆ ಬೆಲೆ. ಮಧ್ಯಾಹ್ನ ಮೂರರ ಸುಮಾರಿಗೆ ಅದು ಬರಿಯ ಕಟ್ಟಿಗೆ. ಆ ಹೊತ್ತಿನಲ್ಲಿ ಒಂದು ಚಹಾ ಹೇಳಿ ಎರಡು ತಾಸು ಕೂತವನಿಂದ ಮಾಲೀಕನಿಗೆ ಆಗುವ ನಷ್ಟ ಏನೂ ಇಲ್ಲ. ಒಲೆ ಹೇಗೂ ಉರಿಯುತ್ತಿದೆ, ಡಿಕಾಕ್ಷನ್ ಹೇಗೂ ಇಳಿಯುತ್ತಿದೆ. ಲಾಭ ಮಾತ್ರ ಉಂಟು: ಖಾಲಿ ಹೋಟೆಲಿಗೆ ಯಾರೂ ನುಗ್ಗುವುದಿಲ್ಲ, ಗಲಗಲ ಎನ್ನುವ ಹೋಟೆಲಿಗೆ ದಾರಿಹೋಕನೂ ಇಣುಕುತ್ತಾನೆ. ಮಾತು ಬೆಳೆದರೆ ಇನ್ನೊಂದು ಚಹಾ, ಸಮೋಸ, ಸಿಗರೇಟು. ಇಬ್ಬರು ಕಾಯುತ್ತಿದ್ದ ಮೂರನೆಯವನು ಬಂದರೆ ಅವನೂ ಗಿರಾಕಿಯೇ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಗೆಳೆಯರು ಸಂಜೆ ಎಲ್ಲಿ ಸಿಗುತ್ತಾರೆಂದು ಗೊತ್ತಿರುವವನು ಪಕ್ಕದ ಬೀದಿಯ ಚಹಾ ಎಷ್ಟೇ ರುಚಿಯಾಗಿದ್ದರೂ ಅತ್ತ ಹೋಗುವುದಿಲ್ಲ. ಗಿರಾಕಿಯನ್ನು ಕಟ್ಟಿಹಾಕುವುದು ಚಹಾ ಅಲ್ಲ, ಇನ್ನೊಬ್ಬ ಗಿರಾಕಿ.

ಈ ಲೆಕ್ಕಕ್ಕೆ ಒಂದು ಷರತ್ತಿತ್ತು: ಆ ಕುರ್ಚಿಗಾಗಿ ಬೇರೆ ಯಾರೂ ಬಾಗಿಲಲ್ಲಿ ನಿಂತಿರಬಾರದು, ಬಾಡಿಗೆ ಕಡಿಮೆ ಇರಬೇಕು.

ಅಬಿಡ್ಸ್‌ನಲ್ಲಿ ಈ ಬಗೆಯ ಹೋಟೆಲುಗಳು ಬೆಳೆದವು. 1935ರ ಗ್ರ್ಯಾಂಡ್ ಹೋಟೆಲ್ ಅಲ್ಲಿದೆ. ಹರಟೆಯ ವಿಷಯಕ್ಕೆ ಬಂದರೆ ಊರಿನ ಹಿರಿಯರು ಹೇಳುವ ಹೆಸರು ಓರಿಯೆಂಟ್ ಹೋಟೆಲ್. ಕವಿ ಮಖ್ದೂಮ್ ಮೊಹಿಯುದ್ದೀನ್ ಮತ್ತು ಅವರ ಸುತ್ತಲಿನ ಬರಹಗಾರರು, ಪತ್ರಕರ್ತರು, ರಾಜಕೀಯದವರು ಕೂಡುತ್ತಿದ್ದ ಜಾಗವದು. 1908ರಲ್ಲಿ ಹುಟ್ಟಿದ ಮಖ್ದೂಮ್ ಸಿಟಿ ಕಾಲೇಜಿನ ಮೇಷ್ಟರಾಗಿದ್ದವರು, ಕಾರ್ಮಿಕ ಸಂಘಗಳನ್ನು ಕಟ್ಟಿದವರು, ತೆಲಂಗಾಣ ಹೋರಾಟದ ಕಾಲದಲ್ಲಿ ಭೂಗತರಾದವರು, ಆಮೇಲೆ ಶಾಸನಸಭೆಗೆ ಹೋದವರು. ಇಂಥವರು ಕೂತ ಮೇಜಿನ ಸುತ್ತ ಗುಂಪು ಸೇರುವುದು ಸಹಜ. ಅವರು 1969ರಲ್ಲಿ ತೀರಿಕೊಂಡರು. ಓರಿಯೆಂಟ್ ಇಂದು ಇಲ್ಲ. ಉರ್ದು ಸಾಹಿತ್ಯದ ನೆನಪುಗಳಲ್ಲಿ ಆ ಹೋಟೆಲಿನ ಹೆಸರು ಬರುತ್ತದೆ, ಅದರ ಲೆಕ್ಕದ ಪುಸ್ತಕ ಹೇಗಿತ್ತೆಂದು ಯಾರೂ ಬರೆದಿಡಲಿಲ್ಲ. ಅಲ್ಲಿ ನಡೆದ ಮಾತಿನ ಲಾಭ ಕಾವ್ಯಕ್ಕೆ ಹೋಯಿತು, ಪಕ್ಷಕ್ಕೆ ಹೋಯಿತು, ಪತ್ರಿಕೆಗಳಿಗೆ ಹೋಯಿತು. ಗಲ್ಲಾಕ್ಕೆ ಬಿದ್ದದ್ದು ಚಹಾದ ಕಾಸು ಅಷ್ಟೇ.

ಮಾತಿನ ಲಾಭ ಮಾತಿಗೆ ಜಾಗ ಕೊಟ್ಟವನಿಗೆ ಸಿಗದಿರುವುದು ಹೈದರಾಬಾದಿನ ಕತೆ ಮಾತ್ರವಲ್ಲ. ಎಡ್ವರ್ಡ್ ಲಾಯ್ಡ್ ಎಂಬಾತ 1680ರ ದಶಕದ ಕೊನೆಯ ಹೊತ್ತಿಗೆ ಲಂಡನ್ನಿನ ಟವರ್ ಬೀದಿಯಲ್ಲಿ ಕಾಫಿ ಮನೆ ನಡೆಸುತ್ತಿದ್ದ. ಬಂದರು ಹತ್ತಿರವಿದ್ದುದರಿಂದ ಹಡಗಿನ ನಾವಿಕರು, ಮಾಲೀಕರು, ಸರಕಿಗೆ ವಿಮೆ ಬರೆಯುವವರು ಅಲ್ಲಿ ಕೂಡುತ್ತಿದ್ದರು. ಲಾಯ್ಡ್ ಜಾಣ. ಗಿರಾಕಿಗಳ ಮಾತಿಗೆ ಬೇಕಾದ ಸುದ್ದಿಯನ್ನು ತಾನೇ ಒದಗಿಸಲು ಹೊರಟು 1696ರಲ್ಲಿ ಒಂದು ಸುದ್ದಿಹಾಳೆಯನ್ನೂ ತಂದ. ಅದು ಬಹಳ ದಿನ ನಡೆಯಲಿಲ್ಲ. ಅವನು 1713ರಲ್ಲಿ ಸತ್ತ ಮೇಲೂ ಕಾಫಿ ಮನೆ ನಡೆಯಿತು. 1769ರಲ್ಲಿ ವಿಮೆಯವರಿಗೆ ಅಲ್ಲಿನ ವಾತಾವರಣ ಸರಿ ಕಾಣಲಿಲ್ಲ. ಅವರು ಅಲ್ಲಿನ ಒಬ್ಬ ಮಾಣಿಯನ್ನೇ ಎಬ್ಬಿಸಿಕೊಂಡು ಹೋಗಿ ಇನ್ನೊಂದು ಕಾಫಿ ಮನೆ ಮಾಡಿಸಿದರು. 1771ರಲ್ಲಿ 79 ಮಂದಿ ತಲಾ 100 ಪೌಂಡು ಹಾಕಿ ತಮ್ಮದೇ ಸಂಸ್ಥೆಗೆ ಬುನಾದಿ ಹಾಕಿದರು. ಜಗತ್ತಿನ ಹೆಸರಾಂತ ವಿಮಾ ಮಾರುಕಟ್ಟೆಗೆ ಇಂದಿಗೂ ಆ ಕಾಫಿಯವನ ಹೆಸರಿದೆ. ಹಳೆಯ ಕಾಫಿ ಮನೆಗೆ ಉಳಿದದ್ದು ಖಾಲಿ ಬೆಂಚು. ಕೂಡುವ ಅಭ್ಯಾಸ ಗಿರಾಕಿಗಳದು. ಅವರು ಎದ್ದರೆ ಅದೂ ಅವರ ಜೊತೆ ಎದ್ದು ಹೋಗುತ್ತದೆ.

ಗಿರಾಕಿಗಳ ಮಾತಿಗೆ ಇನ್ನೊಂದು ಅಪಾಯವೂ ಇದೆ, ಸರಕಾರದ ಕಣ್ಣು. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಲು ಹೇಳಿ, ಗದ್ದಲವೆದ್ದದ್ದರಿಂದ ಕೆಲವೇ ದಿನಗಳಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡ. ಮುಂಬಯಿಯ ಇರಾನಿಗಳು ಗೋಡೆಗೆ ಸೂಚನೆಗಳ ಫಲಕವನ್ನೇ ತೂಗುಹಾಕಿದ್ದರು: ಹೆಚ್ಚು ಹೊತ್ತು ಕೂರಬೇಡಿ, ಜಗಳ ಬೇಡ, ತಲೆ ಬಾಚಬೇಡಿ ಎಂಬ ಬಗೆಯವು. ಅಂಥದೊಂದು ಫಲಕದಿಂದ ನಿಸ್ಸಿಮ್ ಎಜೆಕಿಯಲ್ ಒಂದು ಪದ್ಯವನ್ನೇ ಮಾಡಿದರು. ಫಲಕ ನೋಡಿ ನಗುವುದು ಸುಲಭ. ಮೇಜಿನ ಮೇಲೆ ಕೈ ಕುಟ್ಟಿ ಮಾತಾಡಿದವನು ಮನೆಗೆ ಹೋಗುತ್ತಾನೆ, ಪೊಲೀಸರು ಬರುವುದು ಹೋಟೆಲಿಗೆ.

ಭಾರತದಲ್ಲಿ ಗಿರಾಕಿಗಳ ಹರಟೆಯನ್ನು ಲೆಕ್ಕ ಹಾಕಿಯೇ ಪೋಷಿಸಿದ್ದು ಇಂಡಿಯಾ ಕಾಫಿ ಹೌಸ್. ಕಾಫಿಗೆ ಬೆಲೆ ಬಿದ್ದ ಕಾಲದಲ್ಲಿ, 1935ರಲ್ಲಿ, ಕಾಫಿ ಸೆಸ್ ಸಮಿತಿ ಆಯಿತು. ಕೊಡಗು, ಚಿಕ್ಕಮಗಳೂರಿನ ಬೆಳೆ ದೇಶದೊಳಗೇ ಖರ್ಚಾಗಬೇಕಾದರೆ ಜನಕ್ಕೆ ಕಾಫಿಯ ಚಟ ಹಿಡಿಸಬೇಕು. ಮುಂದಿನ ವರ್ಷ ಮುಂಬಯಿಯಲ್ಲಿ ಮೊದಲ ಕಾಫಿ ಹೌಸ್ ತೆರೆಯಿತು. ಜನ ಎಷ್ಟು ಹೊತ್ತು ಕೂತರೂ ಚಿಂತೆಯಿರಲಿಲ್ಲ, ಏಕೆಂದರೆ ಆ ಕುರ್ಚಿ ಜಾಹೀರಾತು. ಜಾಹೀರಾತಿನ ಅಗತ್ಯ ಮುಗಿಯಿತೆಂದು ಕಾಫಿ ಬೋರ್ಡಿಗೆ 1950ರ ದಶಕದಲ್ಲಿ ಅನಿಸಿದಾಗ ಮನೆಗಳು ಮುಚ್ಚತೊಡಗಿದವು. ಕೆಲಸ ಕಳೆದುಕೊಂಡವರನ್ನು ಎ. ಕೆ. ಗೋಪಾಲನ್ ಸಹಕಾರ ಸಂಘಗಳಾಗಿ ಕಟ್ಟಿದರು, ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ. ಕಲಕತ್ತೆಯ ಕಾಲೇಜು ಬೀದಿಯ ಕಾಫಿ ಹೌಸ್ ಮುಚ್ಚಿದಾಗ ಮತ್ತೆ ತೆರೆಸಿ ಎಂದು ಪಟ್ಟು ಹಿಡಿದವರು ಅಲ್ಲಿ ದಿನಾ ಕೂರುತ್ತಿದ್ದ ಪ್ರಾಧ್ಯಾಪಕರು. ಆ ಹರಟೆಗೆ ಅಷ್ಟು ವರ್ಷ ಕೊಟ್ಟ ಜಾಗ ಅಂದು ಬಡ್ಡಿ ಸಮೇತ ತಿರುಗಿ ಬಂತು. ದೆಹಲಿಯಲ್ಲಿ ಆದದ್ದು ಬೇರೆ: ತುರ್ತುಪರಿಸ್ಥಿತಿಯ ದಿನಗಳಲ್ಲಿ ಕನಾಟ್ ಪ್ಲೇಸಿನ ಕಾಫಿ ಹೌಸನ್ನು ಕೆಡವಿಹಾಕಿದರು.

ಕರ್ನಾಟಕದಲ್ಲಿ ಎರಡು ತುದಿಯ ಉತ್ತರಗಳು ಸಿಗುತ್ತವೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಬಂತು. ಕುರ್ಚಿಯೇ ಇಲ್ಲ. ಟೋಕನ್ ತೆಗೆದುಕೊ, ನಿಂತು ತಿನ್ನು, ಕೈ ತೊಳೆ, ಹೊರಡು. ಬೆಲೆ ಕಡಿಮೆ, ಕೈ ಚುರುಕು. ಹರಟೆಯಿಂದ ಲಾಭವೇ ನಷ್ಟವೇ ಎಂಬ ಪ್ರಶ್ನೆಯನ್ನು ಅದು ಮೇಜಿನ ಸಮೇತ ತೆಗೆದುಹಾಕಿತು. ಊರಿಗೆ ಊರೇ ಅದನ್ನು ಅನುಸರಿಸಿತು.

ಇನ್ನೊಂದು ತುದಿ ಧಾರವಾಡದ ಸುಭಾಸ ರಸ್ತೆಯ ಒಂದು ಅಟ್ಟ. ಜಿ. ಬಿ. ಜೋಶಿ 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಸಣ್ಣ ವ್ಯಾಪಾರ. ಚಂದಾದಾರರಿಂದ ಹಣ ಮೊದಲೇ ಪಡೆದು ಪುಸ್ತಕ ಕಳಿಸಿಕೊಡುವ ಪದ್ಧತಿ. ಅದರ ಕಚೇರಿಯಾದ ಅಟ್ಟದಲ್ಲಿ ಬರಹಗಾರರು, ಓದುಗರು, ಸುಮ್ಮನೆ ಬಂದವರು ಕೂತು ಮಾತಾಡುತ್ತಿದ್ದರು. ಕೀರ್ತಿನಾಥ ಕುರ್ತಕೋಟಿಯವರ ಅಭಿರುಚಿ ಅಲ್ಲಿ ಕೆಲಸ ಮಾಡುತ್ತಿತ್ತು. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’, 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಇಲ್ಲಿಂದ. ಓರಿಯೆಂಟಿಗೂ ಅಟ್ಟಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಎರಡೂ ಕಡೆ ಕೂತವರು ಒಂದೇ ಜಾತಿಯ ಜನ, ಆಡಿದ ಮಾತೂ ಹೆಚ್ಚುಕಡಿಮೆ ಒಂದೇ ಬಗೆಯದು. ಆದರೆ ಅಟ್ಟದ ಮಾತು ಹಸ್ತಪ್ರತಿಯಾಗಿ ಅಟ್ಟಕ್ಕೇ ಮರಳುತ್ತಿತ್ತು, ಜೋಶಿಯವರು ಅದನ್ನು ಅಚ್ಚು ಹಾಕಿ ಮಾರಬಲ್ಲವರಾಗಿದ್ದರು. ಇರಾನಿಗೆ ಆ ಅನುಕೂಲವಿರಲಿಲ್ಲ. ಮಖ್ದೂಮರ ಮಾತನ್ನು ಕಪ್ಪಿಗೆ ಸುರಿದು ಮಾರಲು ಬರುವುದಿಲ್ಲ. ಹಾಗೆಂದು ಅಟ್ಟ ಯಾರನ್ನೂ ಶ್ರೀಮಂತರನ್ನಾಗಿ ಮಾಡಲಿಲ್ಲ. ಕನ್ನಡ ಪುಸ್ತಕ ವ್ಯಾಪಾರ ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಹೈದರಾಬಾದಿನಲ್ಲಿ ಮಧ್ಯಾಹ್ನದ ಖಾಲಿ ಕುರ್ಚಿಯ ಲೆಕ್ಕ ತಪ್ಪಿದ್ದು ನಿಧಾನವಾಗಿ. ಸಿಕಂದರಾಬಾದಿನಲ್ಲಿ ಪ್ಯಾರಡೈಸ್ ಚಿತ್ರಮಂದಿರದ ಬಳಿ 1953ರಲ್ಲಿ ಚಹಾ, ಸಮೋಸ ಮಾರುವ ಒಂದು ಸಣ್ಣ ಕೆಫೆ ಶುರುವಾಯಿತು. ಇಂದು ಪ್ಯಾರಡೈಸ್ ಎಂದರೆ ಬಿರಿಯಾನಿ, ಹಲವು ಊರುಗಳಲ್ಲಿ ಶಾಖೆ. ಬಶೀರ್‌ಬಾಗಿನ ಕೆಫೆ ಬಹಾರ್ ಎಂದರೂ ಮೊದಲು ಬಾಯಿಗೆ ಬರುವುದು ಬಿರಿಯಾನಿಯೇ. ಒಂದು ತಟ್ಟೆ ಬಿರಿಯಾನಿಯ ಹಣಕ್ಕೆ ಎಷ್ಟು ಚಹಾ ಮಾರಬೇಕು? ತಟ್ಟೆ ಖಾಲಿಯಾಗಲು ಅರ್ಧ ತಾಸು ಸಾಕು, ಮತ್ತು ಬಾಗಿಲಲ್ಲಿ ಮುಂದಿನವನು ಮನೆಮಂದಿ ಸಮೇತ ನಿಂತಿರುತ್ತಾನೆ. ಅಂದಿನಿಂದ ಕುರ್ಚಿಗೆ ದಿನವಿಡೀ ಬೆಲೆ ಬಂತು. ಆ ಮಾಲೀಕರನ್ನು ದೂರುವಂತಿಲ್ಲ. ಅವರ ಅಜ್ಜಂದಿರು ಯಜ್ದ್‌ನಿಂದ ಹೊರಟದ್ದು ಉರ್ದು ಕಾವ್ಯ ಬೆಳೆಸಲಿಕ್ಕಲ್ಲ.

1998ರಲ್ಲಿ ಸೈಬರ್ ಟವರ್ಸ್ ತೆರೆದ ಮೇಲೆ ಊರು ಪಶ್ಚಿಮಕ್ಕೆ ಹಿಗ್ಗಿತು. ಹಳೆಯ ಮೂಲೆ ಜಾಗಗಳು ಚಹಾ ಮಾರಿ ಉಳಿಸಿಕೊಳ್ಳುವಂಥವಾಗಿ ಉಳಿಯಲಿಲ್ಲ. ಕೆಲವು ಹೋಟೆಲು ಬಟ್ಟೆ ಅಂಗಡಿಗಳಾದವು, ಕೆಲವು ಔಷಧಿ ಅಂಗಡಿಗಳಾದವು. ಹರಟುವವರೂ ಬದಲಾದರು: ಇಬ್ಬರಿಗೂ ಬಿಡುವು ಇರಬೇಕಲ್ಲ. ಹೊಸ ಬಡಾವಣೆಗಳ ಹವಾನಿಯಂತ್ರಿತ ಕಾಫಿ ಅಂಗಡಿಯಲ್ಲಿ ಮೂರು ತಾಸು ಕೂರಬಹುದು, ಆದರೆ ಅಲ್ಲಿ ಕುರ್ಚಿಯ ಬಾಡಿಗೆ ಕಾಫಿಯ ಬೆಲೆಯೊಳಗೇ ಇದೆ. ಪಕ್ಕದ ಮೇಜಿನವನು ಕಿವಿಗೆ ತಂತಿ ಸಿಕ್ಕಿಸಿಕೊಂಡಿರುತ್ತಾನೆ.

ಚಾರ್ಮಿನಾರಿನ ಪಕ್ಕದಲ್ಲಿ, ಮಕ್ಕಾ ಮಸೀದಿಗೆ ಹತ್ತಿರ, 1993ರಲ್ಲಿ ಶುರುವಾದ ನಿಮ್ರಾ ಕೆಫೆ ಈಗ ಇರಾನಿ ಚಹಾದ ಹೆಸರು ಹೊತ್ತಿದೆ. ಬೆಳಗಿನಿಂದ ರಾತ್ರಿಯವರೆಗೆ ಜನ. ಒಳಗೆ ಜಾಗ ಸಣ್ಣದು, ಹೆಚ್ಚಿನವರು ಬೀದಿಯಲ್ಲೇ ನಿಂತು ಕುಡಿಯುತ್ತಾರೆ. ಒಂದು ಕೈಯಲ್ಲಿ ಕಪ್ಪು, ಇನ್ನೊಂದರಲ್ಲಿ ಫೋನು ಹಿಡಿದು ಚಾರ್ಮಿನಾರನ್ನು ಚೌಕಟ್ಟಿಗೆ ತಂದು ಫೋಟೊ ತೆಗೆದುಕೊಂಡು, ಉಸ್ಮಾನಿಯಾ ಬಿಸ್ಕತ್ತಿನ ಡಬ್ಬ ಕಟ್ಟಿಸಿಕೊಂಡು ಹೊರಡುತ್ತಾರೆ.