ಹಿರಿಯರ ಬಾಯಲ್ಲಿ ಹಲವು ನುಡಿ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಮಾಲತೇಶನ, ಅಂದರೆ ಮೈಲಾರಲಿಂಗನ ನೆಲೆ. ಮಹಾನವಮಿಯ ಹೊತ್ತಿಗೆ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕವನ್ನು ಕೇಳಲು ಸುತ್ತಣ ಸೀಮೆಯ ರೈತರು ನೆರೆಯುತ್ತಾರೆ. ಅಲ್ಲಿ ಮೊಳಗುವ 'ಏಳು ಕೋಟಿ'ಯ ಕೂಗಿಗೆ ಒಂದು ಚರಿತ್ರೆಯಿದೆ. ಮಹಾರಾಷ್ಟ್ರದ ಜೇಜೂರಿಯಲ್ಲಿ ಇದೇ ದೈವ ಖಂಡೋಬ. ಅಲ್ಲಿನ ಭಕ್ತರ ಮಾತು ಮರಾಠಿ. ಕೂಗು ಮಾತ್ರ 'ಯೆಳಕೋಟ'. ಮರಾಠಿಯಲ್ಲಿ ಏಳಕ್ಕೆ 'ಸಾತ್' ಎನ್ನುತ್ತಾರೆ. ಹಾಗಾಗಿ ಈ ಕೂಗು ಕನ್ನಡದಿಂದಲೇ ಹೋದದ್ದೆಂದು ವಿದ್ವಾಂಸರು ಹೇಳುತ್ತಾರೆ. ತೆಲಂಗಾಣದಲ್ಲಿ ಅವನು ಮಲ್ಲನ್ನ. ಖಂಡೋಬನಿಗೆ ಮಲ್ಲೂಖಾನ್ ಎಂಬ ಹೆಸರೂ ಉಂಟು. ನಂಬಿಕೆಯ ವಿಚಾರ ಹಾಗಿರಲಿ. ಜನರ ಜೊತೆ ಮಾತು ಹೇಗೆ ನಡೆದುಹೋಗಿದೆ ಎಂಬುದನ್ನು ನಾವಿಲ್ಲಿ ನೋಡಬೇಕು.

ಈ ಸೀಮೆಯ ಚರಿತ್ರೆಯೇ ಹಲವು ನುಡಿಗಳದ್ದು. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದ ಭಾಷೆ ಪಾರಸಿಯಾದರೂ ಲೆಕ್ಕಪತ್ರಗಳಿಗೆ ಮರಾಠಿ ಬಳಕೆಯಾಗುತ್ತಿತ್ತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ 'ಕಿತಾಬೆ ನವರಸ್' ಬರೆದದ್ದು ದಖನಿಯಲ್ಲಿ. ಹೊಲ, ಮನೆ, ಸಂತೆಗಳಲ್ಲಿ ಕನ್ನಡವಿತ್ತು. ಸವಣೂರಿನಲ್ಲಿ ನವಾಬರಿದ್ದರು. ಮುಂಬಯಿ ಪ್ರಾಂತದ ಕಾಲದಲ್ಲಿ ಮರಾಠಿಯ ಪ್ರಭಾವ ಇನ್ನಷ್ಟು ಬಲವಾಯಿತು. ಹಾವೇರಿ ಸೀಮೆಯ ಗಳಗನಾಥರು (1869-1942) ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುಗರನ್ನು ಬೆಳೆಸಿದರು. ಶಿಶುವಿನಹಾಳದ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಶರೀಫರು (1819-1889) ಗೋವಿಂದಭಟ್ಟರ ಶಿಷ್ಯರಾಗಿ ಕನ್ನಡದಲ್ಲಿ ತತ್ವಪದ ಹಾಡಿದರು. ಇವರು ಹೆಸರಾದವರು. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಬಂದವರ ಮಾತಿಗೆ ತಕ್ಕ ಮಾತು ಎಂದು ಬದುಕಿದ ಹೆಸರಿಲ್ಲದ ಹಿರಿಯರು ಇನ್ನೆಷ್ಟೋ ಮಂದಿ. ಅವರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಇಂಥ ಬದುಕು ಮುಪ್ಪಿನಲ್ಲಿ ಮಿದುಳನ್ನು ಕಾಯುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಮುಖ್ಯ ಅಧ್ಯಯನವೊಂದು ನಡೆದದ್ದು ದಖನಿಯೂ ತೆಲುಗೂ ಬೆರೆತ ಹೈದರಾಬಾದಿನಲ್ಲಿ. ಅಲ್ಲಿನ ನಿಜಾಮ್ಸ್ ವೈದ್ಯ ವಿಜ್ಞಾನ ಸಂಸ್ಥೆಯಲ್ಲಿದ್ದು, ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಸೇರಿದ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳ ವಿವರ ಪರಿಶೀಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆಯ ಲಕ್ಷಣ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸವಿತ್ತು. ಅಂದರೆ ಇದು ಪದವಿಯ ಫಲವಲ್ಲ, ಆಡುವ ಮಾತಿನ ಫಲ. ಒಂದು ನುಡಿ ಆಡುವಾಗ ಇನ್ನೊಂದನ್ನು ತಡೆಹಿಡಿಯುವುದು ಮಿದುಳಿಗೆ ದಿನನಿತ್ಯದ ಕಸರತ್ತು ಎಂಬುದು ತಜ್ಞರ ವಿವರಣೆ. ದೊಡ್ಡವರಾದ ಮೇಲೆ ಕಲಿತ ಭಾಷೆಯಿಂದಲೂ ಪ್ರಯೋಜನವಿದೆಯೆಂದು 2014ರಲ್ಲಿ ಎಡಿನ್‌ಬರೋದ ಸಂಶೋಧಕರು ಹೇಳಿದರು.

ಇದನ್ನು ಔಷಧಿಯೆಂದು ಮಾರುವುದು ಬೇಡ. ಜನರನ್ನು ಹಲವು ವರ್ಷ ಹಿಂಬಾಲಿಸಿ ನಡೆಸಿದ ಕೆಲವು ಅಧ್ಯಯನಗಳಲ್ಲಿ ಇಂಥ ರಕ್ಷಣೆ ಕಂಡಿಲ್ಲ. ಭಾಷೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಮರೆವು ಕಂಡಾಗ ವೈದ್ಯರ ಬಳಿಗೆ ಹೋಗಲೇಬೇಕು. ಆದರೆ ಕಲಿಕೆಯಿಂದ ನಷ್ಟವಂತೂ ಇಲ್ಲ. ಖಾಸಗಿ ಪಾಠದ ದುಡ್ಡೂ ಬೇಕಿಲ್ಲ, ನೆರೆಮನೆಯವರ ಸ್ನೇಹ ಸಾಕು.

ಭಾಷೆಗಳ ಭಿನ್ನತೆಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದಾಗಿ ಎಣಿಸುತ್ತದೆ. ಪ್ರವಾದಿ(ಸ)ಯವರು ಝೈದ್ ಬಿನ್ ಸಾಬಿತ್(ರ)ರಿಗೆ ಯಹೂದಿಯರ ಬರಹ ಕಲಿಯಲು ಹೇಳಿದ್ದು ಹದೀಸ್‌ನಲ್ಲಿದೆ. 973ರಲ್ಲಿ ಹುಟ್ಟಿದ ಅಲ್‌ಬೇರೂನಿ ನಲವತ್ತು ದಾಟಿದ ಮೇಲೆ ಸಂಸ್ಕೃತಕ್ಕೆ ಕೈಹಾಕಿದರು. ಅದರಿಂದಲೇ ಭಾರತದ ಬಗ್ಗೆ ಅವರ ಮಹಾಗ್ರಂಥ ಸಾಧ್ಯವಾಯಿತು.

ಇಂಥ ಪರಂಪರೆಯಿರುವ ನಾವು ಭಾಷೆಯನ್ನು ಏನು ಮಾಡಿಕೊಂಡಿದ್ದೇವೆ? 1994ರ ಅಕ್ಟೋಬರ್‌ನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ಜೀವಗಳೇ ಹೋದವು. ಕನ್ನಡ ಬೆರೆತ ದಖನಿಯನ್ನು ಕೆಲವರು 'ಕೆಟ್ಟ ಉರ್ದು' ಎಂದು ನಗುತ್ತಾರೆ. ಅದನ್ನಾಡುವವರನ್ನು ಇನ್ನು ಕೆಲವರು ಹೊರಗಿನವರೆಂದು ನೋಡುತ್ತಾರೆ. ಇತ್ತ ಮನೆಯೊಳಗೆ ಮೊಮ್ಮಕ್ಕಳಿಗೆ ಇಂಗ್ಲಿಷ್ ಒಂದೇ ಸಾಕೆಂಬ ಹಟ. ನಾಲ್ಕು ಜನರೊಡನೆ ನಾಲ್ಕು ನುಡಿಯಾಡುತ್ತಿದ್ದ ದಾದಿಮಾಗೆ, ಅಜ್ಜನಿಗೆ ಮಾತಾಡಲು ಒಬ್ಬರೂ ಇಲ್ಲ. ಬಳಸದ ಭಾಷೆ ತುಕ್ಕು ಹಿಡಿಯುತ್ತದೆ, ಮಾತಿಲ್ಲದ ಮನಸ್ಸೂ ಮಂಕಾಗುತ್ತದೆ.

ಉರ್ದು ಮಾತ್ರ ಓದಬಲ್ಲ ಹಿರಿಯರು ಈಗಲಾದರೂ ಕನ್ನಡ ಅಕ್ಷರ ಕಲಿಯಲಿ, ಕನ್ನಡದ ಹಿರಿಯರು ಅಲಿಫ್-ಬೇ ಕೇಳಿ ತಿಳಿಯಲಿ. ಮೊಮ್ಮಕ್ಕಳೇ ಮೇಷ್ಟ್ರಾಗಲಿ. ಅವರು ಅಕ್ಷರ ಕಲಿಸುತ್ತ ಅಜ್ಜ-ಅಜ್ಜಿಯರ ಮಾತನ್ನು ತಾವೂ ಕಲಿಯುತ್ತಾರೆ. ದೇವರಗುಡ್ಡದ ಸೀಮೆಗೆ ಇದು ಹೊಸ ಉಪದೇಶವೇನಲ್ಲ, ಅಲ್ಲಿನ ಹಿರಿಯರು ಬದುಕಿ ತೋರಿಸಿದ ದಾರಿ.