ಶ್ರೀಲಂಕಾ ಪ್ರವಾಸ: ಯಾವ ತಿಂಗಳಲ್ಲಿ ಯಾವ ಕಡಲೂರಿಗೆ ಹೋಗಬೇಕು? ಇಲ್ಲಿದೆ ಮಾಹಿತಿ

ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಒಂದೂವರೆ ಗಂಟೆ ಆಸುಪಾಸಿನಲ್ಲಿ ಕೊಲಂಬೊ. ಎಷ್ಟೋ ತಾಲೂಕುಗಳಿಂದ ಬೆಂಗಳೂರು ಮುಟ್ಟೋದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಮಕ್ಕಳ ರಜೆಗೆ ಅಂತ ಶ್ರೀಲಂಕಾ ಪ್ಯಾಕೇಜ್ ಕೇಳುವವರು ಇದ್ದಾರೆ. ಆದರೆ ರೇಟು ಮಾತ್ರ ನೋಡಿ, ತಿಂಗಳು ನೋಡದೆ ಬುಕ್ ಮಾಡಿದ್ರೆ ಅಂಗಡಿ ಬಾಗಿಲು ಹಾಕಿ ಹೋದ ನಾಲ್ಕು ದಿನವೂ ಹೋಟೆಲ್ ರೂಮಿನಲ್ಲೇ ಕಳೆದುಹೋಗಬಹುದು.

ಒಂದೇ ದ್ವೀಪ, ಎರಡು ಮಳೆಗಾಲ

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿ.ಮೀ. ಅಂದ್ರೆ ಕರ್ನಾಟಕದ ಸುಮಾರು ಮೂರನೇ ಒಂದು ಭಾಗ. ನಮಗೆ ಮುಂಗಾರು ತರುವ ನೈಋತ್ಯ ಮಾರುತವೇ ಮೇನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಪಶ್ಚಿಮ ಮತ್ತು ನೈಋತ್ಯ ಕರಾವಳಿಗೆ ಮಳೆ ಸುರಿಸುತ್ತದೆ. ನಡುವಿನ ಬೆಟ್ಟ ದಾಟುವಷ್ಟರಲ್ಲಿ ಗಾಳಿಯಲ್ಲಿ ನೀರು ಖಾಲಿ. ನಮ್ಮಲ್ಲಿ ಘಟ್ಟದ ಕೆಳಗೆ ಜಡಿಮಳೆ, ಬಯಲುಸೀಮೆಯಲ್ಲಿ ಬಿಸಿಲು ಇದ್ದ ಹಾಗೆ, ಆಗ ಪೂರ್ವ ಕರಾವಳಿ ಒಣಗಿರುತ್ತದೆ. ವರ್ಷದ ಕೊನೆಗೆ ಈಶಾನ್ಯ ಮಾರುತ ಬಂದಾಗ ಲೆಕ್ಕ ಉಲ್ಟಾ.

ಡಿಸೆಂಬರ್–ಮಾರ್ಚ್: ಪಶ್ಚಿಮ, ದಕ್ಷಿಣ

ನೆಗೊಂಬೊ: ವಿಮಾನ ನಿಲ್ದಾಣ ಇರುವ ಕಟುನಾಯಕೆಗೆ ಇದೇ ಹತ್ತಿರದ ಕಡಲೂರು, ಸುಮಾರು 10 ಕಿ.ಮೀ. ರಾತ್ರಿ ಇಳಿಯುವವರು ಇಲ್ಲೇ ಉಳಿದರೆ ಅನುಕೂಲ. ಮೀನು ಮಾರುಕಟ್ಟೆ, ಡಚ್ಚರ ಕಾಲದ ಕಾಲುವೆ, ಹಳೇ ಚರ್ಚುಗಳು ನೋಡುವಂಥವು. ಬೆಳಗ್ಗೆ ಬೇಗ ಹೋದರೆ ಮರಳಿನ ಮೇಲೆ ಮೀನು ಒಣಹಾಕುವುದನ್ನು ನೋಡಬಹುದು.

ಕೊಲಂಬೊ: ವ್ಯಾಪಾರದ ರಾಜಧಾನಿ. ಪೇಟಾ ಅನ್ನೋ ಪ್ರದೇಶ ನಮ್ಮ ಚಿಕ್ಕಪೇಟೆಯನ್ನು ನೆನಪಿಸುತ್ತದೆ. ಒಂದೊಂದು ಬೀದಿಗೆ ಒಂದೊಂದು ಸರಕು. ಅಂಗಡಿಯವರಿಗೆ ಇಲ್ಲಿ ಅರ್ಧ ದಿನ ಸಾಲದು. ಸಂಜೆಗೆ ಗಾಲ್ ಫೇಸ್ ಗ್ರೀನ್ ಬಯಲು ಇದೆ.

ಗಾಲ್: ಕೊಲಂಬೊದಿಂದ ಸುಮಾರು 120 ಕಿ.ಮೀ. ಪೋರ್ಚುಗೀಸರು ಶುರು ಮಾಡಿದ ಕೋಟೆಯನ್ನು 1640ರಲ್ಲಿ ಡಚ್ಚರು ಗೆದ್ದು ದೊಡ್ಡದಾಗಿ ಕಟ್ಟಿದರು. 1988ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ಕೋಟೆಯೊಳಗೆ ಇಂದಿಗೂ ಜನ ವಾಸವಿದ್ದಾರೆ. ಪಕ್ಕದ ಕ್ರಿಕೆಟ್ ಮೈದಾನದಲ್ಲೇ 2010ರ ಜುಲೈನಲ್ಲಿ ಮುತ್ತಯ್ಯ ಮುರಳೀಧರನ್ ಭಾರತದ ವಿರುದ್ಧ ತಮ್ಮ 800ನೇ ಟೆಸ್ಟ್ ವಿಕೆಟ್ ತೆಗೆದರು.

ಉನವಟುನ: ಗಾಲ್ ಪಕ್ಕದ ಚಿಕ್ಕ ಬೀಚ್. ಹನುಮಂತ ಸಂಜೀವಿನಿ ಪರ್ವತ ಹೊತ್ತು ತರುವಾಗ ಒಂದು ತುಂಡು ಬಿದ್ದು ಇಲ್ಲಿನ ರುಮಸ್ಸಲ ಗುಡ್ಡ ಆಯ್ತು ಅಂತ ಸ್ಥಳೀಯರ ನಂಬಿಕೆ.

ಮಿರಿಸ್ಸ: ನೀಲಿ ತಿಮಿಂಗಿಲ ನೋಡಲು ಬೆಳಗ್ಗೆ ದೋಣಿಗಳು ಹೊರಡುತ್ತವೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಸೀಸನ್. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬಾರದು.

ಮೇ–ಸೆಪ್ಟೆಂಬರ್: ಪೂರ್ವ, ಉತ್ತರ

ಟ್ರಿಂಕೊಮಲಿ: ಜಗತ್ತಿನ ದೊಡ್ಡ ಸಹಜ ಬಂದರುಗಳಲ್ಲಿ ಒಂದು. ಕಡಲಿಗೆ ಚಾಚಿದ ಬಂಡೆಯ ತುದಿಯಲ್ಲಿ ಕೋಣೇಶ್ವರ ದೇವಸ್ಥಾನ. ಹಳೇ ಗುಡಿಯನ್ನು 17ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದ್ದರು, ಈಗಿನದು ಆಮೇಲೆ ಕಟ್ಟಿದ್ದು. ಹತ್ತಿರದಲ್ಲೇ ನಿಲಾವೆಳಿ ಬೀಚ್, ಕನ್ನಿಯಾ ಬಿಸಿನೀರಿನ ಬಾವಿಗಳು. ಕೊಲಂಬೊದಿಂದ ರಸ್ತೆಯಲ್ಲಿ ಸುಮಾರು 260 ಕಿ.ಮೀ.

ಪಾಸಿಕುಡಾ: ಮಟ್ಟಕ್ಕಳಪ್ಪು ಕಡೆಯ ಬೀಚ್. ಬಹಳ ದೂರದವರೆಗೆ ನೀರು ಆಳವಿಲ್ಲ, ಸಣ್ಣ ಮಕ್ಕಳಿರುವವರಿಗೆ ಅನುಕೂಲ. ಇನ್ನೂ ದಕ್ಷಿಣದ ಅರುಗಂ ಬೇ ಅಲೆ ಸವಾರಿ ಮಾಡುವವರ ಊರು.

ಜಾಫ್ನಾ: ಕೊಲಂಬೊದಿಂದ ಸುಮಾರು 400 ಕಿ.ಮೀ. ಯುದ್ಧ 2009ರ ಮೇನಲ್ಲಿ ಮುಗಿಯಿತು. 1981ರಲ್ಲಿ ಸುಟ್ಟುಹೋದ ಗ್ರಂಥಾಲಯ ಮತ್ತೆ ಎದ್ದು ನಿಂತಿದೆ. ನಲ್ಲೂರು ಕಂದಸ್ವಾಮಿ ದೇವಸ್ಥಾನದ 25 ದಿನಗಳ ಉತ್ಸವ ಜುಲೈ–ಆಗಸ್ಟ್‌ನಿಂದ ಸೆಪ್ಟೆಂಬರ್ ಒಳಗೆ ಬರುತ್ತದೆ. ಉತ್ತರ, ಪೂರ್ವದಲ್ಲಿ ತಮಿಳು ಬಂದರೆ ಸಾಕು, ಕೆಲಸ ನಡೆಯುತ್ತದೆ.

ನಮ್ಮ ರಜೆಗೆ ಯಾವುದು ಸರಿ?

ಕ್ರಿಸ್‌ಮಸ್ ರಜೆ: ಗಾಲ್, ಮಿರಿಸ್ಸ ಕಡೆ. ಪೂರ್ವದಲ್ಲಿ ಮಳೆ.
ಏಪ್ರಿಲ್: ಎರಡೂ ಕಡೆ ಹೋಗಬಹುದು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ.
ಮೇ: ಟ್ರಿಂಕೊಮಲಿ, ಪಾಸಿಕುಡಾ. ದಕ್ಷಿಣದಲ್ಲಿ ರೇಟು ಕಡಿಮೆ ಅಂತ ಬುಕ್ ಮಾಡಿದರೆ ಕಡಲಿಗೆ ಇಳಿಯೋದು ಕಷ್ಟ.
ದಸರಾ ರಜೆ: ಅಕ್ಟೋಬರ್‌ನಲ್ಲಿ ದ್ವೀಪದ ಎಲ್ಲ ಕಡೆಯೂ ಮಳೆ ಬರಬಹುದು. ಬೀಚ್ ಆಸೆಗೆ ಅಂತಲೇ ಹೋಗುವವರು ಮುಂದೂಡುವುದು ಲೇಸು.

ಕಡಲಿಗೆ ಇಳಿಯುವ ಮುಂಚೆ

ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಬಾರದು. ಮಳೆಗಾಲದಲ್ಲಿ ಒಳಸೆಳೆತ ಜೋರು, ಈಜು ಬಂದರೂ ಪ್ರಯೋಜನವಿಲ್ಲ. ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಫೋಟೊ ತೆಗೆಯುತ್ತಾ ನಿಲ್ಲದೆ ಎತ್ತರದ ಜಾಗಕ್ಕೆ ಓಡಬೇಕು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹಿಕ್ಕಡುವ ಬಳಿಯ ಪೆರಾಲಿಯದಲ್ಲಿ, ಮೊದಲ ಅಲೆಗೆ ಹೆದರಿದ ಊರಿನವರು ನಿಂತಿದ್ದ ರೈಲನ್ನೇ ಆಸರೆ ಅಂತ ಹತ್ತಿದ್ದರು. ಮುಂದಿನ ಅಲೆ ರೈಲನ್ನೇ ಉರುಳಿಸಿತು. ಸತ್ತವರು ಸಾವಿರಕ್ಕೂ ಹೆಚ್ಚು. ಗಾಲ್ ಕಡೆ ಹೋಗುವ ದಾರಿಯಲ್ಲೇ ಅವರ ಸ್ಮಾರಕ ಸಿಗುತ್ತದೆ.

ಇವು ನೆನಪಿರಲಿ

ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಏಜೆಂಟ್ ಮಾತು ನಂಬಿ ದುಡ್ಡು ಕಟ್ಟುವ ಮುಂಚೆ ಅಲ್ಲಿನ ಸರ್ಕಾರದ ವೆಬ್‌ಸೈಟ್ ನೋಡುವುದು ಒಳ್ಳೆಯದು. ಪ್ರತಿ ಹುಣ್ಣಿಮೆ ಅಲ್ಲಿ 'ಪೋಯ' ರಜೆ, ಆ ದಿನ ಮದ್ಯ ಮಾರುವಂತಿಲ್ಲ. ಗಡಿಯಾರ ಬದಲಿಸುವ ಅಗತ್ಯವಿಲ್ಲ, ಅಲ್ಲೂ ನಮ್ಮದೇ ಸಮಯ. ಪ್ಯಾಕೇಜ್ ಮಾತಾಡುವಾಗ ರೇಟಿಗಿಂತ ಮೊದಲು ಕೇಳಬೇಕಾದ್ದು ಎರಡೇ ಪ್ರಶ್ನೆ: ಯಾವ ಕರಾವಳಿ, ಯಾವ ತಿಂಗಳು?