ಮೀ ಸೋನ್‌ನ ಭದ್ರೇಶ್ವರ: ಚಂಪಾ ದೇಶದ ಪಾಳುಗೊಂಡ ಶೈವಕ್ಷೇತ್ರ

ಶೈವಧರ್ಮವು ಭರತಖಂಡದ ಎಲ್ಲೆಯನ್ನು ದಾಟಿ ಕಡಲಾಚೆಯ ನಾಡುಗಳಲ್ಲಿ ಬೇರೂರಿದ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ಕಾಂಬೋಜ ಮತ್ತು ಜಾವಾ ದೇಶಗಳ ಹೆಸರು ಈ ಪ್ರಸಂಗದಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಅವುಗಳಿಗೆ ಯಾವ ಬಗೆಯಲ್ಲಿಯೂ ಕಡಮೆಯಲ್ಲದಿದ್ದರೂ ಕನ್ನಡದಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ನಾಡು ಚಂಪಾ. ಇಂದಿನ ವಿಯೆಟ್ನಾಮಿನ ಮಧ್ಯ ಮತ್ತು ದಕ್ಷಿಣ ಕರಾವಳಿಯಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಬಾಳಿದ ಈ ರಾಜ್ಯದ ಪರಮಪವಿತ್ರ ಸ್ಥಾನವೇ ಮೀ ಸೋನ್. ಕ್ರಿ. ಶ. 4ನೆಯ ಶತಮಾನದ ಕೊನೆಯಿಂದ 13ನೆಯ ಶತಮಾನದವರೆಗೆ ಅರಸರು ಒಬ್ಬರಾದಮೇಲೊಬ್ಬರು ಇಲ್ಲಿ ಶಿವಾಲಯಗಳನ್ನು ಎತ್ತಿಸುತ್ತ ಬಂದರು. 1999ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಹಳೆಯ ರೇವುಪಟ್ಟಣವಾದ ಹೋಯಿ ಆನ್‌ನಿಂದ ಮೀ ಸೋನ್ ಸುಮಾರು 40 ಕಿಲೋಮೀಟರು ದೂರದಲ್ಲಿದೆ. ಬೆಳಿಗ್ಗೆ ಹೊರಟು ಮಧ್ಯಾಹ್ನದ ವೇಳೆಗೆ ಹಿಂದಿರುಗುವ ಅರ್ಧದಿನದ ದರ್ಶನವೇ ಅಲ್ಲಿ ರೂಢಿಯಲ್ಲಿರುವ ಕ್ರಮ. ಮಾರ್ಗದರ್ಶಿಯ ಹಿಂದೆ ನಡೆಯುವ ದೇಶವಿದೇಶಗಳ ಪ್ರವಾಸಿಗರು ಇಟ್ಟಿಗೆಯ ಗೋಪುರಗಳನ್ನೂ ಶಿರಸ್ಸಿಲ್ಲದ ವಿಗ್ರಹಗಳನ್ನೂ ಬಾಂಬು ಬಿದ್ದು ಉಂಟಾದ ಗುಂಡಿಗಳನ್ನೂ ನೋಡುತ್ತಾರೆ. ಕಟ್ಟಿಸಿದವರಾರು, ಕೆಡವಿದವರಾರು ಎಂಬ ಎರಡು ಪ್ರಶ್ನೆಗಳಿಗೆ ಅವರಿಗೆ ಉತ್ತರ ದೊರೆಯುತ್ತದೆ. ಆದರೆ ಲಿಂಗನಿಷ್ಠೆಯನ್ನು ಬಾಳಿನ ಆಧಾರವಾಗಿ ಬಗೆವವರು ಮೂರನೆಯ ಪ್ರಶ್ನೆಯೊಂದನ್ನು ಕೇಳದೆ ಇರಲಾರರು. ಎಂಟುನೂರು ವರ್ಷಗಳಿಗೂ ಮಿಗಿಲಾಗಿ ಪೂಜೆಗೊಂಡ ಲಿಂಗವು ಪೂಜಿಸುವ ಕೈಗಳಿಲ್ಲದೆ ಅನಾಥವಾದುದು ಹೇಗೆ? ಈ ಲೇಖನದ ವಿಚಾರ ಅದೇ.

ಮೊದಲು ಸ್ಥಳದ ಸ್ವರೂಪವನ್ನು ಅರಿಯಬೇಕು. ಮೀ ಸೋನ್ ಎಂದರೆ ಸುಂದರ ಪರ್ವತವೆಂದು ಅರ್ಥ. ಬೆಟ್ಟಗಳು ಸುತ್ತುವರಿದ, ಸುಮಾರು ಎರಡು ಕಿಲೋಮೀಟರು ಅಗಲದ ಕಣಿವೆಯದು. ಅಲ್ಲಿನ ನೀರನ್ನು ಕೂಡಿಸಿಕೊಂಡು ಕಡಲಿಗೆ ಹರಿಯುವ ನದಿ ತು ಬೋನ್. ಕಣಿವೆಯಿಂದ ಕೆಳಗೆ ಇಂದಿನ ತ್ರಾ ಕಿಯು ಎಂಬಲ್ಲಿ ರಾಜಧಾನಿ ಸಿಂಹಪುರವಿದ್ದಿತು. ನದಿಯ ಮುಖದಲ್ಲಿ ರೇವು ಇದ್ದಿತು. ಮೇಲೆ ದೇವರು, ನಡುವೆ ಅರಸು, ಕೆಳಗೆ ವ್ಯಾಪಾರ ಎಂಬ ಈ ವ್ಯವಸ್ಥೆಯಲ್ಲಿ ಮೂರನ್ನೂ ಒಂದೇ ನದಿ ಪೋಣಿಸಿತ್ತು.

ಈ ಕಣಿವೆಯನ್ನು ಶಿವನಿಗೆ ಮೀಸಲಿಟ್ಟವನು ಭದ್ರವರ್ಮ. ಅವನ ಕಾಲ 4ನೆಯ ಶತಮಾನದ ಕೊನೆ ಮತ್ತು 5ನೆಯ ಶತಮಾನದ ಆರಂಭ. ಮೀ ಸೋನ್‌ನಲ್ಲಿ ದೊರೆತ ಅವನ ಸಂಸ್ಕೃತ ಶಾಸನವು ಮಹೇಶ್ವರನಿಗೂ ಉಮೆಗೂ ಬ್ರಹ್ಮವಿಷ್ಣುಗಳಿಗೂ ನಮಸ್ಕರಿಸಿ, ಬೆಟ್ಟಗಳನ್ನು ಎಲ್ಲೆಯಾಗಿ ಹೇಳಿ, ಆ ಭೂಮಿಯನ್ನು ನಿವಾಸಿಗಳ ಸಮೇತ ದೇವರಿಗೆ ದತ್ತಿಬಿಡುತ್ತದೆ. ಬೆಳೆಯಲ್ಲಿ ಆರನೆಯ ಒಂದು ಪಾಲು ಸಲ್ಲಬೇಕಾಗಿದ್ದರೂ ಅದನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿ ದೇವರಿಗೆ ಸಲ್ಲಿಸುವಂತೆ ಕಟ್ಟುಮಾಡಲಾಗಿದೆ. ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಈ ರೀತಿ ಅಪರಿಚಿತವಲ್ಲ. ದೇವರಿಗೆ ಅರಸನಿಟ್ಟ ಹೆಸರು ಭದ್ರೇಶ್ವರ. ಅರಸನ ಹೆಸರಿನ ಪೂರ್ವಾರ್ಧಕ್ಕೆ ಈಶ್ವರಪದವು ಕೂಡಿ ದೇವರ ನಾಮವಾಯಿತು.

ಈ ನಾಮಕರಣವೇ ಮುಂದಿನ ಚರಿತ್ರೆಯ ಬೀಗದ ಕೈ. ಭದ್ರವರ್ಮನ ಮೊದಲ ಆಲಯವು ಬೆಂಕಿಗೆ ಆಹುತಿಯಾಯಿತು. 7ನೆಯ ಶತಮಾನದ ಆದಿಭಾಗದಲ್ಲಿ ಆಳಿದ ಶಂಭುವರ್ಮನು ಅದನ್ನು ಪುನಃ ಕಟ್ಟಿಸಿ ದೇವರನ್ನು ಶಂಭುಭದ್ರೇಶ್ವರನೆಂದು ಕರೆದನು. ಹಳೆಯ ಅರಸನ ಹೆಸರನ್ನು ಅಳಿಸದೆ ತನ್ನದನ್ನೂ ಅದಕ್ಕೆ ಜೋಡಿಸಿದನು. ಅದೇ ಶತಮಾನದಲ್ಲಿ ಪ್ರಕಾಶಧರ್ಮನು 658ರ ಶಾಸನದಲ್ಲಿ ತನ್ನ ವಂಶದ ಮಹಿಮೆಯನ್ನು ಸಾರುತ್ತ ಕೌಂಡಿನ್ಯನೆಂಬ ಬ್ರಾಹ್ಮಣನೂ ಸೋಮೆಯೆಂಬ ನಾಗಕನ್ಯೆಯೂ ಕೂಡಿದ ಕಥೆಯನ್ನು ಹೇಳುತ್ತಾನೆ. ಲಿಂಗಕ್ಕೆ ತೊಡಿಸುವ ಲೋಹದ ಕೋಶಗಳನ್ನು ಅರ್ಪಿಸುವುದು ಚಂಪಾದ ಅರಸರಿಗೆ ವಿಶೇಷ ಪುಣ್ಯಕಾರ್ಯವೆನಿಸಿತ್ತು. ದೋಂಗ್ ಜುವೋಂಗ್‌ನಲ್ಲಿ ಬೌದ್ಧ ವಿಹಾರವನ್ನು ಸ್ಥಾಪಿಸಿದ ಎರಡನೆಯ ಇಂದ್ರವರ್ಮನೂ 875ರ ತನ್ನ ಶಾಸನದಲ್ಲಿ ಶಂಭುಭದ್ರೇಶ್ವರನನ್ನು ಸ್ಮರಿಸದೆ ಮುಂದುವರಿಯಲಿಲ್ಲ. ಈ ಲಿಂಗವು ಸಾಕ್ಷಾತ್ ಶಿವನಿಂದ ಭೃಗುವಿನ ಮೂಲಕ ಭೂಮಿಗೆ ಬಂದುದೆಂಬ ಐತಿಹ್ಯವನ್ನು ಆ ಶಾಸನ ಹೇಳುತ್ತದೆ. ದೇವರು ರಾಜ್ಯದ ರಕ್ಷಕನಾದನು. ಅದೇ ಕಾರಣದಿಂದ ರಾಜ್ಯದ ಏಳುಬೀಳುಗಳಿಗೂ ಗುರಿಯಾದನು.

ಚಂಪಾದ ಶಿವಭಕ್ತಿಯ ವ್ಯಾಪ್ತಿಯನ್ನು ಅಂಕಿಗಳಿಂದಲೂ ಅಳೆಯಬಹುದು. ರಮೇಶಚಂದ್ರ ಮಜುಂದಾರರು 1927ರಲ್ಲಿ ಪ್ರಕಟಿಸಿದ ಚಂಪಾ ಕುರಿತ ಗ್ರಂಥದಲ್ಲಿ ಗಣನೆಗೆ ತೆಗೆದುಕೊಂಡ 130 ಶಾಸನಗಳಲ್ಲಿ 92 ಶಿವನಿಗೂ ಶಿವಪರಿವಾರಕ್ಕೂ ಸಂಬಂಧಿಸಿದವು. ಬುದ್ಧನವು 7, ಬ್ರಹ್ಮನವು 5, ವಿಷ್ಣುವಿನವು 3. ಆದರೆ ಆ ಗ್ರಂಥಮಾಲೆಯ ಹೆಸರು ಸೂಚಿಸುವಂತೆ ಚಂಪಾವನ್ನು ಭಾರತೀಯರ ವಸಾಹತೆಂದು ಭಾವಿಸುವುದು ಇಂದು ಸಾಧುವಲ್ಲ. ಚಾಮರು ಆ ನೆಲದ ಜನ. ಅವರ ನುಡಿ ಮಲಯ, ಜಾವಾ ಭಾಷೆಗಳ ಬಳಗಕ್ಕೆ ಸೇರಿದುದು. ತ್ರಾ ಕಿಯು ಬಳಿಯ ದೋಂಗ್ ಯೆನ್ ಚೌ ಶಾಸನವು ಹಳೆಯ ಚಾಮ್ ಭಾಷೆಯಲ್ಲಿಯೇ ಇದೆ. ಸುಮಾರು 4ನೆಯ ಶತಮಾನದ ಈ ಬರೆಹವು ಆ ಭಾಷಾಬಳಗಕ್ಕೆಲ್ಲ ಅತ್ಯಂತ ಪ್ರಾಚೀನವಾದ ಲಿಖಿತ ಸಾಕ್ಷ್ಯ. ಅರಸನ ನಾಗನನ್ನು ಗೌರವಿಸಿದವರಿಗೆ ರತ್ನಗಳು ದೊರೆಯುವುವೆಂದೂ ನಿಂದಿಸಿದವರಿಗೆ ಏಳು ತಲೆಮಾರಿನೊಡನೆ ಸಾವಿರ ವರ್ಷಗಳ ನರಕವೆಂದೂ ಅದು ಎಚ್ಚರಿಸುತ್ತದೆ. ಲಿಪಿ ದಕ್ಷಿಣ ಭಾರತದ ಬ್ರಾಹ್ಮೀ ಮೂಲದ್ದು, ಶ್ರದ್ಧೆ ಆ ನಾಡಿನ ಮಣ್ಣಿನದು. ಹಲ್ಮಿಡಿ ಶಾಸನದಲ್ಲಿ ಸಂಸ್ಕೃತದೊಡನೆ ಕನ್ನಡ ತನ್ನ ದನಿಯನ್ನು ಕಂಡುಕೊಂಡ ರೀತಿಯನ್ನು ಬಲ್ಲ ನಮ್ಮ ಸಾಹಿತ್ಯ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಮನದಟ್ಟಾದೀತು. ಶಿವನನ್ನು ಚಾಮರು ಸ್ವಂತ ಇಚ್ಛೆಯಿಂದ ಬರಮಾಡಿಕೊಂಡರು. ಅವನು ಅವರ ಮೇಲೆ ಹೇರಲ್ಪಟ್ಟವನಲ್ಲ.

ಇನ್ನು ಕಣಿವೆಯೊಳಗೆ ನಡೆಯೋಣ. ಇಲ್ಲಿ ಎಪ್ಪತ್ತರಷ್ಟು ಕಟ್ಟಡಗಳಿದ್ದುವು. ಇಂದು ನೋಡಲು ಉಳಿದಿರುವುದು ಇಪ್ಪತ್ತರಷ್ಟು. ಫ್ರೆಂಚ್ ವಿದ್ವಾಂಸ ಆಂರಿ ಪಾರ್ಮಾಂತಿಯೆ 1903–04ರಲ್ಲಿ ಉತ್ಖನನ ನಡೆಸಿದಾಗ ಇವುಗಳನ್ನು ಗುಂಪುಗಳಾಗಿ ವಿಂಗಡಿಸಿ ರೋಮನ್ ಅಕ್ಷರಗಳಿಂದ ಗುರುತಿಸಿದನು. ಶಿವಾಲಯಗಳು ಇಂದಿಗೂ ಎ, ಬಿ, ಸಿ ಎಂದು ಕರೆಯಲ್ಪಡುವುದು ಇದರಿಂದಲೇ. ಬಿ, ಸಿ, ಡಿ ಗುಂಪುಗಳು ಒಂದಕ್ಕೊಂದು ಹತ್ತಿಕೊಂಡು ಕ್ಷೇತ್ರದ ಹೃದಯದಂತಿವೆ. ಗರ್ಭಗುಡಿಯುಳ್ಳ ಮುಖ್ಯ ಗೋಪುರಕ್ಕೆ ಚಾಮರು ಕಲನ್ ಎನ್ನುತ್ತಾರೆ. ಅದರ ಮುಂದೆ ದ್ವಾರಗೋಪುರ, ಅದಕ್ಕೂ ಮುಂದೆ ನೀಳವಾದ ಮಂಟಪ, ಪಕ್ಕದಲ್ಲಿ ದೋಣಿಯಾಕಾರದ ಛಾವಣಿಯ ಕೋಶಗೃಹ ಇರುತ್ತವೆ. ಇಟ್ಟಿಗೆಗಳ ನಡುವೆ ಗಾರೆಯ ಪದರ ಕಣ್ಣಿಗೆ ಕಾಣಿಸದು. ಗೋಡೆಯನ್ನು ಕಟ್ಟಿ ಮುಗಿಸಿದ ಬಳಿಕ ಅದರ ಮೇಲೆಯೇ ಬಳ್ಳಿಗಳನ್ನೂ ದೇವತೆಗಳನ್ನೂ ಕಡೆದಿದ್ದಾರೆ. ಇಟ್ಟಿಗೆಗಳನ್ನು ಬೆಸೆದ ಬಗೆಯನ್ನು ಕುರಿತು ವಿದ್ವಾಂಸರಲ್ಲಿ ಬಹುಕಾಲ ಚರ್ಚೆ ನಡೆದಿದೆ. ಮರದ ಅಂಟನ್ನು ಬಳಸಿದರೆಂಬುದು ಒಂದು ಪ್ರಬಲವಾದ ಅಭಿಪ್ರಾಯ.

ಗರ್ಭಗುಡಿಯನ್ನು ಇಣುಕಿ ನೋಡಿದರೆ ಅದರ ಕಿರಿದಾದ ಅಳತೆ ಗಮನ ಸೆಳೆಯುತ್ತದೆ. ನಡುವೆ ಲಿಂಗಪೀಠ, ಸುತ್ತಲೂ ಅರ್ಚಕನು ಸುಳಿಯುವಷ್ಟು ಜಾಗ, ಇಷ್ಟೇ. ನೂರಾರು ಭಕ್ತರು ಕೂಡಿ ನಿಲ್ಲುವ ಎಡೆ ಇದಲ್ಲ. ಅರಸನ ಪರವಾಗಿ ಅರ್ಚಕನು ಪೂಜಿಸುವುದಕ್ಕೆಂದು ನಿರ್ಮಿತವಾದ ಆಲಯವಿದು.

ಇದಕ್ಕೆ ಪೂರಕವಾದ ಇನ್ನೊಂದು ಚಿತ್ರವನ್ನು ಕಾಣಲು ದಾ ನಾಂಗ್ ನಗರದ ಚಾಮ್ ಶಿಲ್ಪಗಳ ಸಂಗ್ರಹಾಲಯಕ್ಕೆ ಹೋಗಬೇಕು. ಮೀ ಸೋನ್‌ನ ಇ-1 ಆಲಯದ ಮರಳುಗಲ್ಲಿನ ಲಿಂಗಪೀಠ ಅಲ್ಲಿದೆ. 7–8ನೆಯ ಶತಮಾನದ ಈ ಪೀಠದ ಸುತ್ತಲೂ ಗುಹೆಗಳಲ್ಲಿ ಧ್ಯಾನಾಸಕ್ತರಾದವರು, ಶಿಷ್ಯರಿಗೆ ಬೋಧಿಸುವವರು, ವಾದ್ಯ ನುಡಿಸುವವರು, ಅಂಗಮರ್ದನದಿಂದ ಉಪಚರಿಸುವವರು, ಹೀಗೆ ತಪಸ್ವಿಗಳ ದಿನಚರಿಯನ್ನೇ ಕೆತ್ತಲಾಗಿದೆ. ಶಾಸನಗಳಲ್ಲಿ ಅರಸರ ಹೆಸರುಗಳು ತುಂಬಿವೆ; ಲಿಂಗವನ್ನು ಹೊತ್ತ ಪೀಠದಲ್ಲಿ ಹೆಸರಿಲ್ಲದ ತಪಸ್ವಿಗಳಿದ್ದಾರೆ. ಚಂಪಾದಲ್ಲಿ ಪಾಶುಪತ ಶೈವದ ಪ್ರಭಾವವಿದ್ದಿತೆಂದು ವಿದ್ವಾಂಸರು ಹೇಳುತ್ತಾರೆ. ಲಕುಲೀಶನನ್ನು ಮೂಲಪುರುಷನೆಂದು ಭಾವಿಸುವ ಆ ಪರಂಪರೆಯ ಒಂದು ಶಾಖೆಯು ನಮ್ಮ ಬಳ್ಳಿಗಾವೆಯ ಕೋಡಿಯಮಠದ ಕಾಳಾಮುಖರಲ್ಲಿ ಬೆಳಗಿತು. ಹಾಗೆಂದು ಎರಡಕ್ಕೂ ನೇರವಾದ ನಂಟನ್ನು ಕಲ್ಪಿಸುವುದು ಅವಸರವಾದೀತು. ಒಂದೇ ಬೇರಿನ ದೂರದ ಕೊಂಬೆಗಳೆಂದು ತಿಳಿದರೆ ಸಾಕು.

ಗುಡ್ಡದ ಮೇಲಿನ ಜಿ ಗುಂಪು 12ನೆಯ ಶತಮಾನದ ನಡುಭಾಗದಲ್ಲಿ ಆಳಿದ ಜಯಹರಿವರ್ಮನ ಕಾಲದ್ದು. ಶತ್ರುಗಳನ್ನು ಗೆದ್ದು ಸಿಂಹಾಸನವನ್ನು ಭದ್ರಪಡಿಸಿಕೊಂಡ ಅವನು ಪೂರ್ವಿಕರಂತೆ ಇಲ್ಲಿ ಶಿವಾಲಯವನ್ನೆತ್ತಿಸಿದನು. ಈ ಕಾಲವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಹೆಚ್ಚುಕಡಮೆ ಅದೇ ದಶಕಗಳಲ್ಲಿ ಇತ್ತ ಕಲ್ಯಾಣದಲ್ಲಿ ಬಸವಾದಿ ಶರಣರು ಲಿಂಗವನ್ನು ಗರ್ಭಗುಡಿಯಿಂದ ಭಕ್ತನ ಅಂಗೈಗೆ ತಂದರು. ಒಂದೆಡೆ ಶಿವನು ಅರಸನ ವಿಜಯದ ಗುರುತಾಗಿ ಗುಡ್ಡದ ಮೇಲೆ ನಿಂತನು. ಇನ್ನೊಂದೆಡೆ ಕಾಯಕಜೀವಿಗಳ ಕರಸ್ಥಲದಲ್ಲಿ ನೆಲೆಸಿದನು. ಈ ಎರಡು ಸಂಗತಿಗಳಿಗೆ ಪರಸ್ಪರ ಅರಿವಿರಲಿಲ್ಲ. ಆದರೂ ಅವುಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ಶರಣರು ಮಾಡಿದ ಸ್ಥಾವರ-ಜಂಗಮ ವಿವೇಚನೆಯ ತೂಕ ಎಂಥದೆಂಬುದು ವಿದಿತವಾಗುತ್ತದೆ.

ಮುಂದಿನ ಕಥೆ ಸಂಕ್ಷಿಪ್ತವಾದುದು. ಉತ್ತರದ ದಾಯ್ ವಿಯೆತ್ ರಾಜ್ಯದ ಒತ್ತಡದಿಂದ ಚಾಮರ ಅಧಿಕಾರಕೇಂದ್ರವು ದಕ್ಷಿಣಕ್ಕೆ ಸರಿಯಿತು. 1471ರಲ್ಲಿ ಲೇ ಥಾನ್ ತೋಂಗ್ ಅರಸನು ರಾಜಧಾನಿ ವಿಜಯವನ್ನು ವಶಪಡಿಸಿಕೊಂಡನು. ಅಷ್ಟರೊಳಗೆ ಮೀ ಸೋನ್‌ನಲ್ಲಿ ನಿರ್ಮಾಣಕಾರ್ಯ ನಿಂತು ಬಹುಕಾಲ ಸಂದಿತ್ತು. ಅರಸನು ದೂರವಾದನು; ದತ್ತಿಯ ಭೂಮಿ ಪರಾಧೀನವಾಯಿತು; ಅರ್ಚಕರು ಇಲ್ಲವಾದರು; ಕಾಡು ಬೆಳೆಯಿತು. 1898ರಲ್ಲಿ ಫ್ರೆಂಚರ ಕಣ್ಣಿಗೆ ಬೀಳುವವರೆಗೆ ಹೊರಲೋಕ ಅದನ್ನು ಮರೆತಿತ್ತು. ಕಾಲವು ಉಳಿಸಿದ್ದನ್ನು ಯುದ್ಧ ಉಳಿಸಲಿಲ್ಲ. 1969ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಬಿ-52 ವಿಮಾನಗಳು ನಡೆಸಿದ ಬಾಂಬುದಾಳಿಯಲ್ಲಿ ಚಾಮ್ ವಾಸ್ತುವಿನ ಶಿಖರಪ್ರಾಯವೆನಿಸಿದ್ದ, ಸುಮಾರು 24 ಮೀಟರು ಎತ್ತರದ ಎ-1 ಗೋಪುರ ಕುಸಿಯಿತು. ಸಾವಿರ ವರ್ಷ ನಿಂತದ್ದು ಕೆಲವೇ ದಿನಗಳಲ್ಲಿ ಇಟ್ಟಿಗೆಯ ಗುಡ್ಡೆಯಾಯಿತು.

ಹಾಗಾದರೆ ಚಾಮರ ಶಿವಭಕ್ತಿ ಅಳಿಯಿತೇ? ಇಲ್ಲ. ದಕ್ಷಿಣದ ಫಾನ್ ರಾಂಗ್ ಪರಿಸರದಲ್ಲಿ, ಹಿಂದಿನ ಪಾಂಡುರಂಗ ಪ್ರಾಂತದಲ್ಲಿ, ಅದು ಇಂದಿಗೂ ಉಸಿರಾಡುತ್ತಿದೆ. 2019ರ ಜನಗಣತಿಯಂತೆ ವಿಯೆಟ್ನಾಮಿನಲ್ಲಿರುವ ಚಾಮರು ಒಂದೂಮುಕ್ಕಾಲು ಲಕ್ಷಕ್ಕೆ ತುಸು ಹೆಚ್ಚು. ಅವರಲ್ಲಿ ಹಲವರು ಇಸ್ಲಾಮನ್ನೂ, ಅದರ ಸ್ಥಳೀಯ ರೂಪವಾದ ಬಾನಿ ಪಂಥವನ್ನೂ ಅನುಸರಿಸುವವರು. ಹಳೆಯ ಶೈವಾಚಾರದ ಎಳೆಯನ್ನು ಉಳಿಸಿಕೊಂಡವರು ಅಹಿಯೆರ್ ಎನಿಸಿಕೊಳ್ಳುತ್ತಾರೆ. ಚಾಮ್ ಪಂಚಾಂಗದ ಏಳನೆಯ ತಿಂಗಳಿನಲ್ಲಿ ಬರುವ ಕಾತೆ ಹಬ್ಬದಂದು ಅವರು ಪೋ ಕ್ಲೋಂಗ್ ಗರಾಯ್ ಗೋಪುರಕ್ಕೆ ಬಂದು, ಮುಖಲಿಂಗಕ್ಕೆ ಮಜ್ಜನ ಮಾಡಿಸಿ ವಸ್ತ್ರ ತೊಡಿಸುತ್ತಾರೆ. ಆ ದೇವವಸ್ತ್ರಗಳನ್ನು ಕಾಪಾಡಿಕೊಂಡು ಬಂದವರು ಬೆಟ್ಟದಲ್ಲಿ ವಾಸಿಸುವ ರಾಗ್ಲಾಯ್ ಜನ. ಅಲ್ಲಿಯೂ ದೇವರಿಗಿರುವುದು ಅರಸನೊಬ್ಬನ ಹೆಸರೇ ಎಂಬುದು ನಿಜ. ಆದರೆ ಜನ ಅವನನ್ನು ನೆನೆಯುವುದು ಒಡ್ಡುಕಾಲುವೆಗಳನ್ನು ಕಟ್ಟಿಸಿ ಹೊಲಗಳಿಗೆ ನೀರುಣಿಸಿದ ಉಪಕಾರಿಯೆಂದು. ಶಾಸನದ ಹೆಸರು ಜನರ ಬಾಯಿಗೆ ಬಂದು ಮನೆಯ ಹೆಸರಾಯಿತು.

ನಮ್ಮ ಪಟ್ಟದಕಲ್ಲಿನಲ್ಲಿ ನಡೆದುದನ್ನು ಇದರೊಡನೆ ಹೋಲಿಸಬಹುದು. ಚಾಲುಕ್ಯ ವಿಜಯಾದಿತ್ಯನ ವಿಜಯೇಶ್ವರವು ಈಗ ಸಂಗಮೇಶ್ವರ. ರಾಣಿ ಲೋಕಮಹಾದೇವಿ ಕಟ್ಟಿಸಿದ ಲೋಕೇಶ್ವರವು ಈಗ ವಿರೂಪಾಕ್ಷ. ರಾಜನಾಮ ಕಳಚಿತು, ಜನರಿಟ್ಟ ಹೆಸರು ನಿಂತಿತು. ವಿರೂಪಾಕ್ಷನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ಮೀ ಸೋನ್‌ನಲ್ಲಿ ರಾಜನಾಮ ಕಲ್ಲಿನಲ್ಲಿ ಉಳಿಯಿತು, ಪೂಜೆ ಹೋಯಿತು. ಹೆಸರು ಯಾರದಾದರೂ ಆಗಿರಲಿ, ಲಿಂಗದ ಬಾಳು ಪೂಜಿಸುವವರ ಬಾಳಿನೊಡನೆ ಹೆಣೆದುಕೊಂಡಿದೆ ಎಂಬ ನಿರ್ಣಯಕ್ಕೆ ಈ ಮೂರು ನಿದರ್ಶನಗಳು ನಮ್ಮನ್ನು ತರುತ್ತವೆ.

ಹಾಗೆಂದು ಸ್ಥಾವರವನ್ನು ಕಾಯುವ ಕೆಲಸ ವ್ಯರ್ಥವೆಂದು ಯಾರೂ ತಿಳಿಯಬಾರದು. ಯುದ್ಧಾನಂತರ 1981ರಿಂದ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾತ್ಕೋವ್ಸ್ಕಿ ಅಳಿದುಳಿದ ಗೋಪುರಗಳ ರಕ್ಷಣೆಗೆ ದುಡಿದು 1997ರಲ್ಲಿ ವಿಯೆಟ್ನಾಮಿನಲ್ಲಿಯೇ ತೀರಿಕೊಂಡನು. ಜಿ ಗುಂಪನ್ನು ಇಟಲಿಯ ತಜ್ಞರು ಸ್ಥಿರಗೊಳಿಸಿದರು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 2017ರಿಂದ 2022ರವರೆಗೆ ಎ, ಎಚ್ ಮತ್ತು ಕೆ ಗುಂಪುಗಳ ಜೀರ್ಣೋದ್ಧಾರ ಕೈಗೊಂಡಿತು. ಆ ಕಾರ್ಯ ನಡೆಯುತ್ತಿದ್ದಾಗ 2020ರ ಮೇ ತಿಂಗಳಿನಲ್ಲಿ 9ನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ಮಣ್ಣಿನಿಂದ ಮೇಲೆ ಬಂದಿತು. ನೆಲದೊಳಗಿದ್ದ ಲಿಂಗವು ಬೆಳಕನ್ನು ಕಂಡುದು ಸಂತೋಷದ ಸಂಗತಿಯೇ ಸರಿ. ಅದಕ್ಕೆ ರಕ್ಷಣೆ ದೊರೆತಿದೆ, ನೋಡುಗರು ದೊರೆತಿದ್ದಾರೆ, ಪೂಜೆ ದೊರೆತಿಲ್ಲ.

ಅರ್ಧದಿನದ ದರ್ಶನಕ್ಕೆ ಹೋಗುವ ನಮ್ಮವರು ಈ ವ್ಯತ್ಯಾಸವನ್ನು ಮನಗಂಡು ಬರಬೇಕು. ಮಠಗಳಿಗೂ ಗುಡಿಗಳಿಗೂ ಕಲ್ಲು ಸುಣ್ಣಗಳನ್ನು ಕೂಡಿಹಾಕಿ ದಾನಿಗಳ ಹೆಸರನ್ನು ಕೆತ್ತಿಸುವ ಉತ್ಸಾಹ ನಮ್ಮಲ್ಲಿಯೂ ಕಡಮೆಯಿಲ್ಲ. ಮೀ ಸೋನ್ ಅದನ್ನು ಬೇಡವೆನ್ನುವುದಿಲ್ಲ. ಆದರೆ ಲಿಂಗಧಾರಣೆಯನ್ನು ಸಂಸ್ಕಾರವಾಗಿ ಪಡೆದ ಎಷ್ಟು ಮಂದಿಯ ಅಂಗೈಯಲ್ಲಿ ಇಂದು ನಿತ್ಯಪೂಜೆ ನಡೆಯುತ್ತಿದೆ ಎಂಬ ಪ್ರಶ್ನೆಯನ್ನು ಅದು ನಮಗೆ ಹಾಕುತ್ತದೆ. ಉತ್ತರವನ್ನು ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೊಡಬೇಕಾಗಿದೆ.